ಬಂಪರಿನ ಕಿವಿಗೆ ಬಣ್ಣ ಮೆತ್ತಿದಾಗ

ಟ್ರಾಫಿಕ್ಕಿನಲ್ಲಿ ಯಾರೋ ಹಿಂದಿನಿಂದ ಗುದ್ದಿರುತ್ತಾರೆ. ಟಿಂಕರಿಂಗ್, ಪೇಂಟಿಂಗ್ ಎಲ್ಲ ಮುಗಿದು ಒಂದು ವಾರದ ಮೇಲೆ ಕಾರು ಮನೆಗೆ ಬರುತ್ತದೆ. ಬಣ್ಣದಲ್ಲಿ ಕೊಂಚವೂ ವ್ಯತ್ಯಾಸವಿಲ್ಲ, ಬಂಪರ್ ಹೊಸದರಂತೆ ಹೊಳೆಯುತ್ತಿದೆ. ಆದರೆ ರಿವರ್ಸ್ ಗೇರ್ ಹಾಕಿದರೆ ಪಾರ್ಕಿಂಗ್ ಸೆನ್ಸರ್ ಉಸಿರೇ ಎತ್ತುವುದಿಲ್ಲ. ಇಲ್ಲವೇ, ಹಿಂದೆ ಖಾಲಿ ಜಾಗವಿದ್ದರೂ ಒಂದೇ ಸಮನೆ ಕಿರುಚುತ್ತದೆ. ಗ್ಯಾರೇಜಿಗೆ ಫೋನ್ ಮಾಡಿದರೆ ಪುಣೆಯಲ್ಲಾಗಲಿ ಚೆನ್ನೈಯಲ್ಲಾಗಲಿ ಉತ್ತರ ಹೆಚ್ಚುಕಡಿಮೆ ಒಂದೇ: "ಸೆನ್ಸರನ್ನು ನಾವು ಮುಟ್ಟೇ ಇಲ್ಲ ಸಾರ್."

ಅವರು ಸುಳ್ಳು ಹೇಳುತ್ತಿದ್ದಾರೆ ಎಂದುಕೊಳ್ಳಬೇಕಿಲ್ಲ. ಮೇಲೆ ಬಣ್ಣ ಹೊಡೆಯುವುದು ಅವರ ಲೆಕ್ಕದಲ್ಲಿ ಮುಟ್ಟಿದಂತಲ್ಲ, ಅಷ್ಟೆ. ಆ ಲೆಕ್ಕ ಏಕೆ ತಪ್ಪು ಎಂದು ತಿಳಿಯಲು ಎರಡು ಚರಿತ್ರೆಗಳನ್ನು ನೋಡಬೇಕು. ಒಂದು, ಕತ್ತಲಲ್ಲಿ ಕಿವಿಯಿಂದ ದಾರಿ ಹುಡುಕುವ ವಿದ್ಯೆಯದು. ಇನ್ನೊಂದು, ಬಂಪರಿನದು.

ಬಾವಲಿಯ ಗುಟ್ಟು

1793ರಲ್ಲಿ ಇಟಲಿಯ ಪಾವಿಯಾದಲ್ಲಿ ಲಾಜಾರೊ ಸ್ಪಲಾಂಜಾನಿ ಎಂಬ ವಿಜ್ಞಾನಿ ಒಂದು ವಿಚಿತ್ರವನ್ನು ಗಮನಿಸಿದ. ಕೋಣೆಯ ದೀಪ ಆರಿಸಿದರೆ ಗೂಬೆ ಗೋಡೆಗೆ ಬಡಿದುಕೊಳ್ಳುತ್ತಿತ್ತು, ಬಾವಲಿ ಮಾತ್ರ ಸರಾಗವಾಗಿ ಹಾರುತ್ತಿತ್ತು. ಕಣ್ಣು ಕಳೆದುಕೊಂಡ ಬಾವಲಿಗಳೂ ಹಾಗೆಯೇ ಹಾರಿದವು. ಮರುವರ್ಷ ಜಿನೀವಾದ ಶಸ್ತ್ರವೈದ್ಯ ಲೂಯಿ ಜುರೀನ್ ಬಾವಲಿಗಳ ಕಿವಿ ಮುಚ್ಚಿ ನೋಡಿದ. ಅವು ಎದುರು ಸಿಕ್ಕಿದ್ದಕ್ಕೆಲ್ಲ ಡಿಕ್ಕಿ ಹೊಡೆದವು. ಸ್ಪಲಾಂಜಾನಿ ತಾನೂ ಮಾಡಿ ನೋಡಿ, ಒಪ್ಪಿಕೊಂಡ. ಆದರೆ ಬಾವಲಿ ಹಾರುವಾಗ ಸದ್ದೇ ಕೇಳದಿದ್ದ ಮೇಲೆ ಕಿವಿಗೆ ಏನು ಕೆಲಸ? ಈ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿರಲಿಲ್ಲ. ರೆಕ್ಕೆಯ ಸ್ಪರ್ಶಜ್ಞಾನದಿಂದಲೇ ಬಾವಲಿ ದಾರಿ ಅರಿಯುತ್ತದೆ ಎಂದು ಫ್ರಾನ್ಸಿನ ದೊಡ್ಡ ವಿದ್ವಾಂಸ ಕ್ಯುವಿಯೆ ತೀರ್ಪು ಕೊಟ್ಟ. ದೊಡ್ಡವರ ಮಾತೆಂದು ಜಗತ್ತು ಬಹುಕಾಲ ಅದನ್ನೇ ನಂಬಿತು.

ಉತ್ತರ ಸಿಕ್ಕಿದ್ದು 1938ರಲ್ಲಿ. ಹಾರ್ವರ್ಡ್ ವಿದ್ಯಾರ್ಥಿ ಡೊನಾಲ್ಡ್ ಗ್ರಿಫಿನ್ ಬಾವಲಿಗಳನ್ನು ಭೌತಶಾಸ್ತ್ರದ ಪ್ರಾಧ್ಯಾಪಕ ಪಿಯರ್ಸ್ ಅವರ ಬಳಿಗೆ ಒಯ್ದ. ಮನುಷ್ಯರ ಕಿವಿಗೆ ಬೀಳದಷ್ಟು ಎತ್ತರದ ಸ್ವರಗಳನ್ನು ಹಿಡಿಯುವ ಯಂತ್ರ ಅಲ್ಲಿತ್ತು. ಮೌನವೆಂದುಕೊಂಡಿದ್ದ ಬಾವಲಿಗಳು ಅದರೆದುರು ಗದ್ದಲವೆಬ್ಬಿಸಿದವು. ಮುಂದೆ ಗ್ರಿಫಿನ್ ಮತ್ತು ರಾಬರ್ಟ್ ಗ್ಯಾಲಂಬೋಸ್ ಬಾವಲಿಯ ಬಾಯಿ ಮುಚ್ಚಿದರೂ ಅದು ದಾರಿ ತಪ್ಪುತ್ತದೆಂದು ತೋರಿಸಿದರು. ಕೂಗುವ ಬಾಯಿ, ಕೇಳುವ ಕಿವಿ, ಎರಡೂ ಬೇಕು. 1944ರಲ್ಲಿ ಗ್ರಿಫಿನ್ ಇದಕ್ಕೆ ಎಕೋಲೊಕೇಶನ್ ಎಂದು ಹೆಸರಿಟ್ಟ.

ಸಮುದ್ರದಿಂದ ರಸ್ತೆಗೆ

ಬಾವಲಿಯ ಗುಟ್ಟು ಬಯಲಾಗುವ ಮೊದಲೇ ಮನುಷ್ಯ ಅದೇ ವಿದ್ಯೆಯನ್ನು ಬೇರೆ ದಾರಿಯಲ್ಲಿ ಕಲಿತಿದ್ದ. 1880ರಲ್ಲಿ ಜಾಕ್ ಮತ್ತು ಪಿಯರ್ ಕ್ಯೂರಿ ಸಹೋದರರು ಸ್ಫಟಿಕಶಿಲೆಯಂಥ ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆಂದು ಕಂಡುಕೊಂಡರು. ಇದಕ್ಕೆ ಪೀಜೋ ಗುಣವೆನ್ನುತ್ತಾರೆ. ವಿದ್ಯುತ್ತು ಕೊಟ್ಟರೆ ಹರಳು ಅದುರುತ್ತದೆಂಬುದೂ ಬೇಗನೆ ಖಚಿತವಾಯಿತು. ಅಂದರೆ ಒಂದೇ ಹರಳು ಬಾಯಿಯೂ ಆಗಬಹುದು, ಕಿವಿಯೂ ಆಗಬಹುದು.

1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಮುಳುಗಿತು. ಅದೇ ತಿಂಗಳು ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್, ಗಾಳಿಯಲ್ಲಿ ಸದ್ದು ಕಳಿಸಿ ಪ್ರತಿಧ್ವನಿಯಿಂದ ಅಡೆತಡೆ ಪತ್ತೆ ಮಾಡುವ ಉಪಾಯಕ್ಕೆ ಪೇಟೆಂಟ್ ಅರ್ಜಿ ಹಾಕಿದ. ನೀರಿನಲ್ಲಿ ಅದನ್ನೇ ಮಾಡುವ ಅರ್ಜಿ ಮರುತಿಂಗಳು ಬಂತು. ನಮ್ಮ ಕಾರಿನ ಸೆನ್ಸರಿಗೆ ಹತ್ತಿರದ ನೆಂಟ ಆ ಮೊದಲ ಅರ್ಜಿಯೇ. 1914ರಲ್ಲಿ ರೆಜಿನಾಲ್ಡ್ ಫೆಸೆಂಡೆನ್ ಸುಮಾರು 2 ಮೈಲಿ ದೂರದ ಹಿಮಬಂಡೆಯ ಪ್ರತಿಧ್ವನಿಯನ್ನು ಹಿಡಿದು ತೋರಿಸಿದ.

ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸಬ್‌ಮರೀನ್‌ಗಳ ಕಾಟ ಶುರುವಾಯಿತು. ಪಿಯರ್ ಕ್ಯೂರಿಯ ಶಿಷ್ಯ ಪಾಲ್ ಲಾಂಜವೆನ್ ಆಗ ಗುರುವಿನ ಹರಳಿಗೆ ಕೈಹಾಕಿದ. ಅವನಿಗೆ ಬೇಕಿದ್ದದ್ದು ಸೆಕೆಂಡಿಗೆ ಸುಮಾರು 40,000 ಸಲ ಅದುರುವ ಸಾಧನ. ಹರಳಿನಿಂದಲೇ ಅದನ್ನು ಮಾಡಲು ಹೊರಟರೆ ಬಹಳ ದಪ್ಪದ ಹರಳು ಬೇಕಾಗುತ್ತಿತ್ತು. 1917ರಲ್ಲಿ ಅವನು ತೆಳು ಹರಳುಗಳನ್ನು ಎರಡು ಉಕ್ಕಿನ ಫಲಕಗಳ ನಡುವೆ ಅಂಟಿಸಿದ. ಅಂಟಿಕೊಂಡ ಉಕ್ಕಿನ ತೂಕದಿಂದ ಅದುರಾಟ ನಿಧಾನವಾಗಿ, ಬೇಕಾದ ಸ್ವರಕ್ಕೆ ಇಳಿಯಿತು. ಅದುರುವ ವಸ್ತುವಿಗೆ ಏನನ್ನು ಅಂಟಿಸಿದರೂ ಅದರ ಸ್ವರ ಬದಲಾಗುತ್ತದೆ. ಲಾಂಜವೆನ್ ಇದನ್ನು ಬೇಕೆಂದೇ, ಲೆಕ್ಕ ಹಾಕಿ ಮಾಡಿದ. ಪೇಂಟರ್ ಅದನ್ನೇ ತಿಳಿಯದೆ ಮಾಡುತ್ತಾನೆ.

ಎರಡನೇ ಮಹಾಯುದ್ಧದ ನಂತರ ಹರಳಿನ ಜಾಗಕ್ಕೆ ಅಗ್ಗದ ಪೀಜೋ ಸೆರಾಮಿಕ್ ಬಂತು. ವಿದ್ಯೆ ಯುದ್ಧನೌಕೆಯಿಂದ ಮನೆಬಳಕೆಗೆ ಇಳಿಯಿತು. 1978ರಲ್ಲಿ ಪೋಲರಾಯ್ಡ್ ಕಂಪನಿ ಶ್ರವಣಾತೀತ ಧ್ವನಿಯಿಂದ ದೂರ ಅಳೆದು ಫೋಕಸ್ ಮಾಡುವ ಕ್ಯಾಮೆರಾ ತಂದಿತು. 1982ರಲ್ಲಿ ಟೊಯೋಟಾ ಕೊರೋನಾ ಕಾರಿನ ಹಿಂಬದಿಯಲ್ಲಿ ಅದು ಬಂದು ಕೂತಿತು. ಆ ಹೊತ್ತಿಗೆ ನಮ್ಮಲ್ಲಿ ರಿವರ್ಸ್ ತೆಗೆಯುವುದೆಂದರೆ ಹಿಂದೆ ನಿಂತು ಯಾರಾದರೂ ಕೂಗಬೇಕಿತ್ತು: ನಮ್ಮೂರಲ್ಲಿ "ಬರ್ಲಿ ಬರ್ಲಿ", ಮುಂಬೈ-ದೆಹಲಿಗಳಲ್ಲಿ "ಆನೇ ದೋ", ಹೈದರಾಬಾದಿನಲ್ಲಿ "ರಾನೀ ರಾನೀ".

ಗುರಾಣಿ ಚರ್ಮವಾದ ಕಥೆ

ಈಗ ಬಂಪರಿನ ಕಡೆ ಬರೋಣ. ಅಂಬಾಸಡರ್ ಅಥವಾ ಪ್ರೀಮಿಯರ್ ಪದ್ಮಿನಿಯ ಬಂಪರ್ ನೆನಪಿಸಿಕೊಳ್ಳಿ. ಕ್ರೋಮ್ ಹೊಳಪಿನ ಉಕ್ಕಿನ ಪಟ್ಟಿ, ಬೋಲ್ಟ್ ಹಾಕಿ ಬಿಗಿದದ್ದು. ಏಟು ತಿನ್ನುವುದೇ ಅದರ ಕಸುಬು. ಸೊಟ್ಟಗಾದರೆ ಬಿಚ್ಚಿ ಬಡಿದು ನೇರ ಮಾಡಿ ಮತ್ತೆ ಹಾಕುತ್ತಿದ್ದರು.

1972ರಲ್ಲಿ ಫ್ರಾನ್ಸಿನ ರೆನೋ 5 ಪ್ಲಾಸ್ಟಿಕ್ ಬಂಪರಿನೊಂದಿಗೆ ಬಂತು. ಮರುವರ್ಷದ ಮಾದರಿಗಳಿಂದ ಅಮೆರಿಕ, ನಿಧಾನವೇಗದ ಡಿಕ್ಕಿಗೆ ದೀಪ ಮುಂತಾದವು ಒಡೆಯಕೂಡದೆಂದು ನಿಯಮ ಮಾಡಿತು. ಕ್ರಮೇಣ ಏಟು ತಡೆಯುವ ಗಟ್ಟಿ ಭಾಗ ಒಳಗೆ ಸರಿದು, ಹೊರಗೆ ಪ್ಲಾಸ್ಟಿಕ್ ಹೊದಿಕೆ ಉಳಿಯಿತು. ಕಪ್ಪಗಿದ್ದ ಆ ಪ್ಲಾಸ್ಟಿಕ್ ನಂತರ ಕಾರಿನ ಮೈಬಣ್ಣವನ್ನೇ ತಳೆಯಿತು. ಗುರಾಣಿಯಾಗಿದ್ದದ್ದು ಚರ್ಮವಾಯಿತು. ಸಣ್ಣ ಗೀರಿಗೂ ಬಣ್ಣ ಹೊಡೆಸಬೇಕಾದ ಕಾಲ ಬಂದದ್ದು ಹೀಗೆ.

ಅದೇ ಚರ್ಮದಲ್ಲಿ ತೂತು ಕೊರೆದು ಸೆನ್ಸರ್ ಕೂರಿಸಿದರು. ಅಂದ ಕೆಡಬಾರದೆಂದು ಅದಕ್ಕೂ ಮೈಬಣ್ಣ ಬಳಿದರು. ನೋಡುವವರಿಗೆ ಅದೊಂದು ಬಿರಡೆ, ಹೆಚ್ಚೆಂದರೆ ಗುಂಡಿ. ಕೇಳುವ ಅಂಗ ಅದೆಂದು ಹೇಳುವ ಗುರುತು ಮೇಲೆ ಏನೂ ಇಲ್ಲ.

ಬಣ್ಣದ ಕೆಳಗೆ ಏನಾಗುತ್ತದೆ

ಆ ಗುಂಡಿ ನಿಜವಾಗಿ ಅಲ್ಯೂಮಿನಿಯಮ್ಮಿನ ಪುಟ್ಟ ಬಟ್ಟಲು. ಅದರ ತೆಳು ತಳವೇ ನಮಗೆ ಹೊರಗೆ ಕಾಣುವ ಮುಖ. ಒಳಗಿನಿಂದ ಅದಕ್ಕೆ ಪೀಜೋ ಬಿಲ್ಲೆ ಅಂಟಿಸಿರುತ್ತಾರೆ. ಲಾಂಜವೆನ್ನನ ಸ್ವರದ ಆಸುಪಾಸಿನಲ್ಲೇ, ಸಾಮಾನ್ಯವಾಗಿ 40ರಿಂದ 58 ಕಿಲೋಹರ್ಟ್ಸ್ ನಡುವೆ, ಅದು ಕೂಗುತ್ತದೆ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುವುದರಿಂದ, 1 ಮೀಟರ್ ದೂರದ ಗೋಡೆಗೆ ಹೋಗಿ ಬರಲು 6 ಮಿಲಿಸೆಕೆಂಡಿಗೂ ಕಡಿಮೆ ಸಾಕು. ಕೂಗಿದ ಮುಖವೇ ಅಷ್ಟರೊಳಗೆ ಅದುರುವುದನ್ನು ನಿಲ್ಲಿಸಿ, ಕಿವಿಯಾಗಿ ಕಾದಿರಬೇಕು.

ಗಂಟೆ ಬಾರಿಸಿ ಕೈಬಿಟ್ಟರೆ ನಾದ ಸ್ವಲ್ಪ ಹೊತ್ತು ಉಳಿಯುವಂತೆ ಇಲ್ಲೂ ಅದುರಾಟ ಕೊಂಚ ಉಳಿಯುತ್ತದೆ. ಬಂಪರಿಗೆ ಕಾರ್ಖಾನೆಯಲ್ಲಿ ಕೊಡುವ ಬಣ್ಣ ಒಟ್ಟು ಸೇರಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. ಹಳೆಯದರ ಮೇಲೆಯೇ ಪ್ರೈಮರ್, ಬಣ್ಣ, ಕ್ಲಿಯರ್ ಕೋಟ್ ಹೊಡೆದರೆ ದಪ್ಪ ಇಮ್ಮಡಿಯಾಗುತ್ತದೆ. ಪುಟ್ಟಿ ಸೇರಿದರೆ ಕೇಳುವುದೇ ಬೇಡ. ಆಗ ಮುಖದ ಸ್ವರ ಇಳಿಯುತ್ತದೆ, ಕೂಗು ಕುಂದುತ್ತದೆ, ಹಿಂದಿರುಗಿದ ಕ್ಷೀಣ ಧ್ವನಿ ಕೇಳಿಸದೆ ಹೋಗುತ್ತದೆ.

ಒಂದೇ ಸಮನೆ ಕಿರುಚುವುದಕ್ಕೆ ಕಾರಣ ಹೆಚ್ಚಾಗಿ ಬೇರೆ. ಸೆನ್ಸರಿನ ಸುತ್ತ ಮೃದುವಾದ ಸಿಲಿಕೋನ್ ಉಂಗುರವಿರುತ್ತದೆ. ಅದುರಾಟ ಬಂಪರಿಗೆ ದಾಟದಂತೆ ತಡೆಯುವುದು ಅದರ ಕೆಲಸ. ಸೆನ್ಸರ್ ಬಿಚ್ಚದೆ ಬಣ್ಣ ಹೊಡೆದರೆ ಆ ಸಂದು ಬಣ್ಣದಿಂದ ಮುಚ್ಚಿ, ಗಟ್ಟಿ ಸೇತುವೆಯಾಗುತ್ತದೆ. ಉಂಗುರ ಕಳೆದುಹೋದರೂ, ಮಡಚಿಕೊಂಡರೂ ಇದೇ ಗತಿ. ಸೆನ್ಸರ್ ತನ್ನ ಕೂಗನ್ನೇ ಬಂಪರಿನ ಮೂಲಕ ಕೇಳಿ, ಅಡ್ಡ ಏನೋ ಇದೆಯೆಂದು ಬೆದರುತ್ತದೆ.

ಇನ್ನು ಕೆಲವು ಕಾರಣಗಳಿಗೂ ಬಣ್ಣಕ್ಕೂ ಸಂಬಂಧವೇ ಇಲ್ಲ. ಬಂಪರ್ ಬಿಚ್ಚುವಾಗ ಕಳಚಿದ ಕನೆಕ್ಟರನ್ನು ಮತ್ತೆ ಹಾಕಿರುವುದಿಲ್ಲ, ಅಥವಾ ಅದು ಪೂರ್ತಿ ಕೂತಿರುವುದಿಲ್ಲ. ಪಿನ್ ಬಾಗಿರಬಹುದು, ತಂತಿ ಕ್ಲಿಪ್ಪಿನಡಿ ಸಿಕ್ಕಿರಬಹುದು. ಹಲವು ಸೆನ್ಸರುಗಳು ಅಡ್ಡಕ್ಕೆ ಅಗಲವಾಗಿ, ಉದ್ದಕ್ಕೆ ಕಿರಿದಾಗಿ ಕೂಗುತ್ತವೆ. ಅಂಥದನ್ನು ತಿರುಗಿಸಿ ಕೂರಿಸಿದರೆ ಅದು ನೆಲವನ್ನೇ ಅಡಚಣೆಯೆಂದು ತಿಳಿಯುತ್ತದೆ. ಬಂಪರ್ ಓರೆಯಾಗಿ ಕೂತರೂ ಹಾಗೆಯೇ. ಬಹಳಷ್ಟು ಕಾರುಗಳಲ್ಲಿ ಒಂದು ಸೆನ್ಸರ್ ಕೆಟ್ಟರೆ ಇಡೀ ವ್ಯವಸ್ಥೆಯೇ ಸುಮ್ಮನಾಗುತ್ತದೆ. ಆದ್ದರಿಂದ ನಾಲ್ಕೂ ಸತ್ತಂತೆ ಕಂಡರೂ ತಪ್ಪು ಒಂದರಲ್ಲೇ ಇರಬಹುದು.

ಪತ್ತೆ ಮಾಡುವ ಕ್ರಮ ಸರಳ. ಸಮತಟ್ಟು ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆಫ್ ಇಟ್ಟು, ಇಗ್ನಿಷನ್ ಮಾತ್ರ ಆನ್ ಮಾಡಿ ರಿವರ್ಸ್ ಹಾಕಿ. ಆಟೊಮ್ಯಾಟಿಕ್ ಆದರೆ ಒಬ್ಬರು ಒಳಗೆ ಕೂತು ಬ್ರೇಕ್ ಒತ್ತಿಕೊಂಡಿರಲಿ. ಪ್ರತಿ ಸೆನ್ಸರಿನ ಬಳಿ ಕಿವಿ ಒಯ್ದರೆ, ಇಲ್ಲವೇ ಬೆರಳು ತಾಕಿಸಿದರೆ, ಜೀವವಿರುವುದು ಟಿಕ್ ಟಿಕ್ ಎನ್ನುತ್ತದೆ. ಟಿಕ್ ಇಲ್ಲದಿದ್ದರೆ ಮೊದಲು ಕನೆಕ್ಟರ್, ತಂತಿ ನೋಡಿಸಿ. ಎಲ್ಲವೂ ಮೌನವಾಗಿದ್ದರೆ ಫ್ಯೂಸ್ ಮತ್ತು ಮುಖ್ಯ ಕನೆಕ್ಟರ್. ತಂತಿ ಸರಿಯಿದ್ದರೆ ಅನುಮಾನದ ಸೆನ್ಸರನ್ನು ಅದೇ ಬಗೆಯ ಪಕ್ಕದ ಸೆನ್ಸರಿನ ಜಾಗಕ್ಕೆ ಬದಲಾಯಿಸಿ ನೋಡಲಿ. ದೋಷ ಸೆನ್ಸರಿನ ಜೊತೆ ಹೋದರೆ ಸೆನ್ಸರೇ ಕೆಟ್ಟಿದೆ, ಹಳೆಯ ಜಾಗದಲ್ಲೇ ಉಳಿದರೆ ತಂತಿಯದು. ಟಿಕ್ ಇದ್ದೂ ತಪ್ಪು ಸೂಚನೆ ಬಂದರೆ ಉಂಗುರ, ಓರೆ ಮತ್ತು ಬಣ್ಣದ ದಪ್ಪ ಪರೀಕ್ಷಿಸಬೇಕು. ಬಣ್ಣ ಮೆತ್ತಿದ ಮುಖವನ್ನು ತಿನ್ನರ್ ಹಾಕಿ ಉಜ್ಜುವುದು ಬೇಡ, ಉಂಗುರ ಮತ್ತು ಸೀಲ್ ಹಾಳಾಗಬಹುದು.

ಯಾರಿಗಾಗಿ ಈ ಕಿವಿ

ಒಂದು ಬೀಪ್ ಸದ್ದಿಗೆ ಇಷ್ಟೆಲ್ಲ ಏಕೆ ಎನ್ನಬಹುದು. 2002ರಲ್ಲಿ ಅಮೆರಿಕದ ಲಾಂಗ್ ಐಲೆಂಡಿನಲ್ಲಿ ತಂದೆಯೊಬ್ಬರು ಮನೆಯಂಗಳದಲ್ಲಿ ಎಸ್‌ಯುವಿ ರಿವರ್ಸ್ ತೆಗೆಯುತ್ತಿದ್ದಾಗ, ಹಿಂದೆ ಬಂದು ನಿಂತಿದ್ದ ಅವರ 2 ವರ್ಷದ ಮಗ ಕ್ಯಾಮರಾನ್ ಗಲ್‌ಬ್ರಾನ್ಸನ್ ಚಕ್ರಕ್ಕೆ ಸಿಕ್ಕಿ ತೀರಿಕೊಂಡ. ತಂದೆ ಮಕ್ಕಳ ವೈದ್ಯರು. ಕನ್ನಡಿ ನೋಡಿಕೊಂಡೇ ಗಾಡಿ ತೆಗೆದಿದ್ದರು, ಮಗು ಕಾಣಲಿಲ್ಲ. 2008ರಲ್ಲಿ ಆ ಮಗುವಿನ ಹೆಸರಿನಲ್ಲೇ ಕಾನೂನು ಬಂತು. ಸೆನ್ಸರುಗಳನ್ನು ಪರೀಕ್ಷಿಸಿದಾಗ ಮಕ್ಕಳನ್ನು ಅವು ಸದಾ ಒಂದೇ ರೀತಿ ಗುರುತಿಸುವುದಿಲ್ಲವೆಂದು ಕಂಡುಬಂತು. ಕೊನೆಗೆ 2018ರ ಮೇ ತಿಂಗಳಿಂದ ಅಲ್ಲಿ ಹೊಸ ಕಾರುಗಳಿಗೆ ಹಿಂಬದಿ ಕ್ಯಾಮೆರಾ ಕಡ್ಡಾಯವಾಯಿತು.

ನಮ್ಮ ದೇಶ ಆರಿಸಿಕೊಂಡದ್ದು ಸೆನ್ಸರನ್ನು. 2019ರ ಜುಲೈ 1ರಿಂದ ತಯಾರಾಗುವ ಪ್ರತಿ ಕಾರಿನಲ್ಲೂ ಹಿಂಬದಿ ಪಾರ್ಕಿಂಗ್ ಸೆನ್ಸರ್ ಇರಲೇಬೇಕು. ಹಾಗಾಗಿ ಚಿಕ್ಕ ಕಾರಿನಲ್ಲೂ ಈಗ ಅದು ಸುರಕ್ಷೆಯ ಅಂಗ, ಸೀಟ್ ಬೆಲ್ಟ್ ಎಚ್ಚರಿಕೆಯ ಸಾಲಿಗೆ ಸೇರಿದ್ದು. ಚೆನ್ನಾಗಿರುವ ಸೆನ್ಸರಿಗೇ ಸಣ್ಣ, ಮೆತ್ತಗಿನ ವಸ್ತುಗಳು ಕಷ್ಟ. ಬಟ್ಟೆ ತೊಟ್ಟ ಮಗುವಿನಿಂದ ಮರಳುವ ಧ್ವನಿ ಗೋಡೆಯಷ್ಟು ಜೋರಾಗಿರುವುದಿಲ್ಲ. ಬಣ್ಣ ಮೆತ್ತಿದ ಸೆನ್ಸರ್ ಗೋಡೆಯನ್ನು ಕಂಡು ಕೂಗಬಹುದು, ಮಗುವಿನ ಬಳಿ ಸುಮ್ಮನಿರಬಹುದು. ಪೂರ್ತಿ ಸತ್ತ ಸೆನ್ಸರಿಗಿಂತ ಇದು ಅಪಾಯ, ಏಕೆಂದರೆ ನಾವು ಅದನ್ನು ನಂಬಿಕೊಂಡಿರುತ್ತೇವೆ.

ಆದ್ದರಿಂದ ಕಾರನ್ನು ಬಣ್ಣಕ್ಕೆ ಬಿಡುವಾಗ ಜಾಬ್ ಕಾರ್ಡಿನಲ್ಲಿ ಎರಡು ಸಾಲು ಬರೆಸಿ: ಸೆನ್ಸರುಗಳನ್ನು ಬಿಚ್ಚಿಟ್ಟು ಬಣ್ಣ ಹೊಡೆಯುವುದು, ಹೊಸ ಸೆನ್ಸರ್ ಹಾಕುವುದಾದರೆ ಉಂಗುರ ತೆಗೆದು, ಕಂಪನಿ ಹೇಳಿದಷ್ಟೇ ತೆಳುವಾಗಿ ಬಣ್ಣ ಕೊಡುವುದು. ಇನ್ಶೂರೆನ್ಸಿನಲ್ಲಿ ಮಾಡಿಸುವಾಗ ಏಟಿನಲ್ಲಿ ಸೆನ್ಸರಿಗೂ ಪೆಟ್ಟಾಗಿದ್ದರೆ ಸರ್ವೆಯರ್ ವರದಿಯಲ್ಲೇ ಅದು ಬರಲಿ, ಆಮೇಲೆ ಸೇರಿಸುವುದು ಕಷ್ಟ. ಗಾಡಿ ವಾಪಸ್ ಪಡೆಯುವಾಗ ಬಣ್ಣದ ಹೊಳಪು ನೋಡುವ ಮೊದಲು ಮೇಲೆ ಹೇಳಿದಂತೆ ಎಂಜಿನ್ ಆಫ್ ಇಟ್ಟು ರಿವರ್ಸ್ ಹಾಕಿಸಿ. ಒಂದು ಖಾಲಿ ರಟ್ಟಿನ ಪೆಟ್ಟಿಗೆಯನ್ನು ಬಂಪರಿನ ಈ ತುದಿಯಿಂದ ಆ ತುದಿವರೆಗೆ ನಿಧಾನವಾಗಿ ಸರಿಸಿ, ನಾಲ್ಕೂ ಕಡೆ ಕೂಗುತ್ತದೆಯೇ ಕೇಳಿಸಿಕೊಳ್ಳಿ. ಎರಡು ನಿಮಿಷದ ಕೆಲಸ. ಬಿಲ್ ಕಟ್ಟುವುದು ಅದಾದ ಮೇಲೆ.