ಕೆನರಾದ ಮನ್ರೋ: ಕಲೆಕ್ಟರನೇ ಮ್ಯಾಜಿಸ್ಟ್ರೇಟನಾದ ಬಗೆ

ಥಾಮಸ್ ಮನ್ರೋ ನಮ್ಮ ಚರಿತ್ರೆ ಪುಸ್ತಕಗಳಲ್ಲಿ ಉಳಿದಿರುವುದು ರೈತವಾರಿ ಪದ್ಧತಿಯ ಹರಿಕಾರನಾಗಿ, ಒಕ್ಕಲುಗಳ ಕಷ್ಟ ಬಲ್ಲ ಆಡಳಿತಗಾರನಾಗಿ. ಮ್ಯಾಜಿಸ್ಟ್ರೇಟನ ಅಧಿಕಾರವನ್ನೂ ಪೊಲೀಸನ್ನೂ ನ್ಯಾಯಾಧೀಶನಿಂದ ಬಿಡಿಸಿ ಕಲೆಕ್ಟರನ ಕೈಗಿತ್ತ ಅವನ 1816ರ ಮದ್ರಾಸ್ ಕಾಯ್ದೆಗಳನ್ನೂ ಆ ಅನುಕಂಪದ ಲೆಕ್ಕಕ್ಕೇ ಹಾಕುವ ರೂಢಿಯಿದೆ. ಆದರೆ ಆ ಏರ್ಪಾಡಿನ ಬೇರು ಅವನು 1799–1800ರಲ್ಲಿ ಕೆನರಾದಲ್ಲಿ ಕಳೆದ ದಂಗೆಯ ದಿನಗಳಲ್ಲಿದೆ. 1780ರಲ್ಲಿ ಕೆಡೆಟ್ ಆಗಿ ಮದ್ರಾಸಿಗೆ ಬಂದು ಹೈದರನ ವಿರುದ್ಧ ಕಾದಿದ್ದ ಈ ಸೈನಿಕ, ಶ್ರೀರಂಗಪಟ್ಟಣ ಬಿದ್ದ ಮೇಲೆ ಒಲ್ಲದ ಮನಸ್ಸಿನಿಂದಲೇ ಕೆನರಾದ ಕಲೆಕ್ಟರನಾದ. ಕರಾವಳಿಯ ಜೊತೆಗೆ ಘಟ್ಟದ ಮೇಲಿನ ಸೋಂದೆ, ಬಿಳಗಿ ಸೀಮೆಗಳೂ, ಎಂದರೆ ಇಂದಿನ ಶಿರಸಿ, ಯಲ್ಲಾಪುರ, ಸಿದ್ದಾಪುರಗಳೂ ಅವನ ಸುಪರ್ದಿಗೆ ಬಂದವು.

ಇಲ್ಲಿ ಅವನಿಗೆ ಎದುರಾದದ್ದು ಭೂಮಿಯ ಒಡೆತನವನ್ನು ದಾಖಲೆ ಸಮೇತ ಸಾಧಿಸುವ ಜನ. 1800ರ ಮೇ 31ರಂದು ರೆವಿನ್ಯೂ ಬೋರ್ಡಿಗೆ ಬರೆದ ವರದಿಯಲ್ಲಿ ಅವನು ಕೆನರಾದ ಭೂಮಿ ಖಾಸಗಿ ಸ್ವತ್ತೆಂದು ಒಪ್ಪಿ, ತೆರಿಗೆಯ ಚರಿತ್ರೆಯನ್ನು ವಿಜಯನಗರದ ಹರಿಹರನವರೆಗೆ ಹಿಂದಕ್ಕೆ ಒಯ್ದ. ಆ ಕಾಲದ್ದೆಂದು ಹೇಳಲಾಗುವ ಲೆಕ್ಕ ಹೀಗಿದೆ: ಎರಡೂವರೆ ಕಟ್ಟಿ ಭತ್ತದ ಬೀಜ ಬಿತ್ತಿ ಮೂವತ್ತು ಕಟ್ಟಿ ಬೆಳೆದರೆ ಉತ್ತವನಿಗೆ ಹದಿನೈದು, ಒಡೆಯನಿಗೆ ಏಳೂವರೆ, ಅರಸನಿಗೆ ಐದು, ಬ್ರಾಹ್ಮಣರಿಗೆ ಒಂದೂವರೆ, ದೇವರಿಗೆ ಒಂದು. ಇಷ್ಟು ನಯವಾಗಿ ಕೂಡುವ ಲೆಕ್ಕ ಗದ್ದೆಯಂಚಿನಲ್ಲಿ ಎಷ್ಟರಮಟ್ಟಿಗೆ ನಡೆದಿತ್ತೋ! ಘಟ್ಟದ ಮೇಲಿನ ಚಂದಗುಳಿಯಂಥ ಊರುಗಳ ಅಡಿಕೆ ತೋಟಕ್ಕೆ, ಅದಕ್ಕೆ ಗೊಬ್ಬರ ಒದಗಿಸುವ ಸೊಪ್ಪಿನ ಬೆಟ್ಟಕ್ಕೆ, ಈ ಭತ್ತದ ಅಳತೆ ಒಗ್ಗುವಂಥದ್ದೂ ಅಲ್ಲ. ಇಷ್ಟಾದರೂ ಒಡೆತನವನ್ನು ಒಪ್ಪಿದ ಅದೇ ಕೈ ಹೈದರನ ಕಾಲದಲ್ಲಿ ಏರಿದ ಕಂದಾಯವನ್ನು ಪೂರ್ತಿ ಇಳಿಸಲಿಲ್ಲ. ಹಕ್ಕನ್ನು ಒಪ್ಪುವುದು ಬೇರೆ, ಆ ಹಕ್ಕುದಾರ ತನ್ನೊಡನೆ ಚೌಕಾಸಿ ಮಾಡುವುದನ್ನು ಸಹಿಸುವುದು ಬೇರೆ. ಒಕ್ಕಲುಗಳು ಒಟ್ಟುಗೂಡಿ ಷರತ್ತು ಹಾಕುತ್ತಾರೆಂಬುದೇ ಅವನ ದೂರಾಗಿತ್ತು.

ಆ ಅಸಹನೆಗೆ ಕಾಲವೂ ಕುಮ್ಮಕ್ಕು ಕೊಟ್ಟಿತು. 1800ರಲ್ಲಿ ವಿಟ್ಲದ ಅರಸ ದಂಗೆಯೆದ್ದ. ಜಮಾಲಾಬಾದ್ ಕೋಟೆ ಬಂಡುಕೋರ ತಿಮ್ಮ ನಾಯಕನ ವಶವಾಯಿತು. ಘಟ್ಟದಾಚೆ ಬಂಡಾಯವೆದ್ದ ಧೋಂಡಿಯಾ ವಾಘನ ಬೆನ್ನುಹತ್ತಿದ್ದ ಆರ್ಥರ್ ವೆಲ್ಲೆಸ್ಲಿಯ ದಂಡಿಗೆ ಅಕ್ಕಿ ಕಳಿಸುವ ಹೊಣೆ ಮನ್ರೋನ ಹೆಗಲೇರಿತು. ಜಿಲ್ಲಾ ನ್ಯಾಯಾಲಯಗಳು ಆಗಿನ್ನೂ ಬಂದಿರಲಿಲ್ಲ. ಕಂದಾಯ ಕಟ್ಟಿಸುವವನು, ದಂಡಿಗೆ ದವಸ ಕೂಡಿಸುವವನು, ದಂಗೆಕೋರರನ್ನು ಹಿಡಿಸುವವನು ಎಲ್ಲ ಒಬ್ಬನೇ. ಹದಿನಾರು ವರ್ಷಗಳ ಅನಂತರದ ಕಾಯ್ದೆ ಈ ತುರ್ತಿನ ವ್ಯವಸ್ಥೆಯನ್ನೇ ಶಾಂತಿಕಾಲದ ನಿಯಮವಾಗಿಸಿತು.

ಬಾರಾಮಹಲಿನಲ್ಲಿ ಅಲೆಕ್ಸಾಂಡರ್ ರೀಡ್‌ನ ಕೈಕೆಳಗೆ 1792ರಿಂದಲೇ ಅವನು ಈ ಆಡಳಿತ ಪದ್ಧತಿಯನ್ನು ಕಲಿತಿದ್ದನಲ್ಲ ಎಂಬ ಆಕ್ಷೇಪ ಬರಬಹುದು. ಪದ್ಧತಿ ಕಲಿತದ್ದು ಅಲ್ಲಿ, ನಿಜ. ಆದರೆ ಅಲ್ಲಿ ಅವನು ಸಹಾಯಕ. ಪೂರ್ತಿ ಹೊಣೆ ಹೊತ್ತು, ಸ್ವತ್ತಿನ ಹಕ್ಕು ಸಾಧಿಸುವ ಒಕ್ಕಲುಗಳೆದುರು ಆ ಪದ್ಧತಿಯನ್ನು ನಡೆಸಿದ್ದು ಕೆನರಾದಲ್ಲಿ. ಅದೇ 1816ರಲ್ಲಿ ಗ್ರಾಮ ಮುನ್ಸೀಫರಿಗೂ ಪಂಚಾಯತಿಗಳಿಗೂ ಅಧಿಕಾರ ಹಂಚಿದ್ದ ಎಂಬ ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಆದರೆ ಗ್ರಾಮ ಮುನ್ಸೀಫನೆಂದರೆ ಊರಿನ ಪಟೇಲನೇ. ಕಂದಾಯದ ಕೆಲಸದಲ್ಲಿ ಕಲೆಕ್ಟರನ ಕೈಕೆಳಗಿನವನು. ಪಂಚಾಯತಿಗಳ ಬಳಿ ವ್ಯಾಜ್ಯ ಹೋದದ್ದೂ ಕಡಿಮೆ. ಮದ್ರಾಸಿನ ಗವರ್ನರನಾಗಿದ್ದಾಗ ಜನರ ಗೋಳು ಕಂಡು 1823ರಲ್ಲಿ ಅರಣ್ಯ ಸಂರಕ್ಷಕನ ಹುದ್ದೆಯನ್ನು ರದ್ದು ಮಾಡಿಸಿದ್ದು ಅವನ ದೊಡ್ಡ ಉಪಕಾರ, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಅದು ಬಂದದ್ದೂ ಆಜ್ಞೆಯಾಗಿಯೇ. ಬೆಟ್ಟದ ಸೊಪ್ಪು ತನ್ನ ಹಕ್ಕೆಂದು ನ್ಯಾಯಾಲಯದಲ್ಲಿ ಸಾಧಿಸಿಕೊಳ್ಳುವ ಬಲ ಅದರಿಂದ ತೋಟಿಗನಿಗೆ ದಕ್ಕಲಿಲ್ಲ.

1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೂ ಕಂದಾಯ ಮತ್ತು ಮ್ಯಾಜಿಸ್ಟ್ರೇಟಗಿರಿಯ ಜೋಡಿ ಬಿಚ್ಚಲಿಲ್ಲ. ಅಪರಾಧ ವಿಚಾರಣೆ ಕಂದಾಯಾಧಿಕಾರಿಗಳ ಕೈಯಿಂದ ದೇಶಾದ್ಯಂತ ನ್ಯಾಯಾಂಗಕ್ಕೆ ಹೋದದ್ದು 1974ರ ಏಪ್ರಿಲ್‌ನಲ್ಲಿ ಜಾರಿಯಾದ ದಂಡಪ್ರಕ್ರಿಯಾ ಸಂಹಿತೆಯಿಂದ. ಅದರ ಬಳಿಕವೂ ಶಿರಸಿಯ ಉಪವಿಭಾಗಾಧಿಕಾರಿ ಭೂಮಿಯ ಮೇಲ್ಮನವಿ ಕೇಳುವ ಕಚೇರಿಯಿಂದಲೇ ನಿಷೇಧಾಜ್ಞೆಯನ್ನೂ ಹೊರಡಿಸಬಲ್ಲರು.