ಟರ್ಬೊ ಎಂಜಿನ್‌ನ ವ್ಯಾಕ್ಯೂಮ್ ಕೊಳವೆಗಳು: ಇತಿಹಾಸ

ಟರ್ಬೊ ಅಳವಡಿಸಿದ ವಾಹನದ ಎಂಜಿನ್‌ನಲ್ಲಿ ನಿರ್ವಾತವನ್ನು ಅಥವಾ ಗಾಳಿಯ ಒತ್ತಡವನ್ನು ಒಂದು ಭಾಗದಿಂದ ಇನ್ನೊಂದಕ್ಕೆ ಮುಟ್ಟಿಸುವ ರಬ್ಬರ್, ನೈಲಾನ್ ಇಲ್ಲವೆ ಸಿಲಿಕೋನ್ ಕೊಳವೆಗಳ ಜಾಲ ಇದು. ಪೆಟ್ರೋಲ್ ಎಂಜಿನ್‌ನ ಇನ್‌ಲೆಟ್ ಮ್ಯಾನಿಫೋಲ್ಡಿನಲ್ಲಿ, ಥ್ರಾಟಲ್ ಮುಚ್ಚಿದಾಗ, ನಿರ್ವಾತ ತಾನಾಗಿ ಉಂಟಾಗುತ್ತದೆ. ಟರ್ಬೊ ಸೇರಿಸಿದರೆ ಅದೇ ಜಾಗದಲ್ಲಿ ಒಮ್ಮೆ ನಿರ್ವಾತ, ಆಕ್ಸಿಲರೇಟರ್ ತುಳಿದೊಡನೆ ವಾತಾವರಣಕ್ಕೂ ಮೀರಿದ ಒತ್ತಡ. ಡೀಸೆಲ್ ಎಂಜಿನ್‌ನಲ್ಲಿ ಥ್ರಾಟಲ್ ಸಾಮಾನ್ಯವಾಗಿ ಇಲ್ಲದ್ದರಿಂದ ನಿರ್ವಾತವನ್ನು ಪಂಪಿನಿಂದಲೇ ಮಾಡಿಕೊಳ್ಳಬೇಕು. ಯಾವ ಕೊಳವೆ ಎಲ್ಲಿಂದ ಹೊರಟು ಎಲ್ಲಿಗೆ ಸೇರಬೇಕೆಂಬ ತಲೆನೋವು ಶುರುವಾಗಿದ್ದು ಇಲ್ಲಿಂದ.

ಹೊಗೆಯ ರಭಸದಿಂದಲೇ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುವ ಟರ್ಬೊ ವಿಧಾನಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಕೋರಿದ. ಬ್ರೇಕಿಗೆ ನಿರ್ವಾತದ ನೆರವು ಕೊಡುವ ಬೂಸ್ಟರನ್ನು ಬೆಲ್ಜಿಯಂನ ಆಲ್ಬರ್ಟ್ ಡೆವಾಂಡ್ರೆ 1927ರಲ್ಲಿ ರೂಪಿಸಿದ. ಇವೆರಡೂ ಒಂದೇ ಬಾನೆಟ್ಟಿನಡಿ ಸಂಧಿಸಲು ದಶಕಗಳೇ ಬೇಕಾದವು. 1962ರಲ್ಲಿ ಅಮೆರಿಕದಲ್ಲಿ ಎರಡು ಟರ್ಬೊ ಕಾರುಗಳು ಮಾರುಕಟ್ಟೆಗೆ ಬಂದವು. ಷೆವರ್ಲೆ ಕಾರ್ವೇರ್‌ನಲ್ಲಿ ವೇಸ್ಟ್‌ಗೇಟ್ (ಒತ್ತಡ ಮಿತಿ ಮುಟ್ಟಿದಾಗ ಹೊಗೆಯನ್ನು ಟರ್ಬೊಗೆ ತಾಗಿಸದೆ ಹೊರಬಿಡುವ ಬಾಗಿಲು) ಇರಲಿಲ್ಲ. ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್‌ನಲ್ಲಿ ಇತ್ತು. ಆದರೆ ಜೆಟ್‌ಫೈರ್‌ಗೆ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನೂ ತುಂಬಿಸುತ್ತಿರಬೇಕಿತ್ತು. ಮಾಲೀಕರು ಮರೆತರು, ಕಾರು ಎರಡೇ ವರ್ಷ ಬಾಳಿತು.

ವೇಸ್ಟ್‌ಗೇಟನ್ನು ತೆರೆಯುವುದು ಟರ್ಬೊದಲ್ಲಿ ಗಾಳಿ ಒತ್ತುವ ಕಂಪ್ರೆಸರ್ ಕಡೆಯಿಂದ ಬಂದ ತೆಳು ಕೊಳವೆಯೊಳಗಿನ ಒತ್ತಡ. ಆ ಕೊಳವೆ ಬಿರಿದರೆ ಗೇಟು ತೆರೆಯದು, ಒತ್ತಡ ಏರುತ್ತಲೇ ಹೋಗುತ್ತದೆ. ಓಡಿಸುವವನಿಗೆ ಗಾಡಿ ಚುರುಕಾದಂತೆ ಕಂಡರೂ ಪಿಸ್ಟನ್ನುಗಳಿಗೆ ಅದು ಅಪಾಯ. ಸ್ವೀಡನ್ನಿನ ಸಾಬ್ 1978ರ ‘99 ಟರ್ಬೊ’ ಕಾರಿನಲ್ಲಿ ಒತ್ತಡ ಮಿತಿ ಮೀರಿದರೆ ಇಂಧನ ನಿಲ್ಲಿಸುವ ಸ್ವಿಚ್ಚನ್ನೂ ಇಟ್ಟಿತ್ತು. 1980ರ ದಶಕದ ಆರಂಭದಲ್ಲಿ ಅದೇ ಕಂಪನಿ ವೇಸ್ಟ್‌ಗೇಟಿನ ಕೊಳವೆಯ ನಡುವೆ ವಿದ್ಯುತ್ ಸೊಲೆನಾಯ್ಡ್ ವಾಲ್ವ್ ಸೇರಿಸಿತು: ಒಂದು ಬಾಯಿ ಕಂಪ್ರೆಸರಿಗೆ, ಒಂದು ವೇಸ್ಟ್‌ಗೇಟಿಗೆ, ಇನ್ನೊಂದು ಗಾಳಿಯನ್ನು ಮತ್ತೆ ಒಳಹರಿವಿಗೆ ಬಿಡುವುದಕ್ಕೆ. ಮೂರರಲ್ಲಿ ಯಾವ ಎರಡು ಅದಲುಬದಲಾದರೂ ಲೆಕ್ಕ ಕೆಡುತ್ತದೆ. ಬ್ರೇಕ್ ಬೂಸ್ಟರಿನ ಕೊಳವೆಗೆ ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ಕಡ್ಡಾಯ, ಥ್ರಾಟಲ್ ಮುಚ್ಚಿದಾಗ ಉಳಿದ ಒತ್ತಡ ಬಿಡುವ ಬ್ಲೋ-ಆಫ್ ವಾಲ್ವಿನ ಕೊಳವೆ ಥ್ರಾಟಲ್ಲಿನ ಆಚೆ, ಮ್ಯಾನಿಫೋಲ್ಡಿನ ಕಡೆಯಿಂದಲೇ ಹೊರಡಬೇಕು ಎಂಬ ಈಗಿನ ಮಾಮೂಲಿ ಕ್ರಮಗಳಿಗೂ ಕಾರಣ ನಿರ್ವಾತ, ಒತ್ತಡ ಎಂಬ ಮ್ಯಾನಿಫೋಲ್ಡಿನ ಎರಡು ಮುಖಗಳೇ.

ಕರ್ನಾಟಕದಲ್ಲಿ ಈ ಕಥೆ ಟರ್ಬೊಗಿಂತ ಮೊದಲೇ ಡೀಸೆಲ್ ಪಂಪಿನಿಂದ ಆರಂಭವಾಗುತ್ತದೆ. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಮೈಕೊ (2008ರಿಂದ ಬಾಷ್ ಲಿಮಿಟೆಡ್) ಇಂಧನ ಪಂಪುಗಳನ್ನು ತಯಾರಿಸಿತು. ಹಳೆಯ ಸಣ್ಣ ಡೀಸೆಲ್ ಎಂಜಿನ್‌ಗಳ ಕೆಲವು ಪಂಪುಗಳಲ್ಲಿ ನ್ಯೂಮ್ಯಾಟಿಕ್ ಗವರ್ನರ್ ಇರುತ್ತಿತ್ತು: ಇನ್‌ಲೆಟ್ಟಿನ ವೆಂಚುರಿಯಿಂದ (ಕಿರಿದಾದ ಭಾಗದಿಂದ) ಬಂದ ನಿರ್ವಾತ ಡಯಾಫ್ರಂ ಎಳೆದು ಡೀಸೆಲ್ ತಗ್ಗಿಸುತ್ತಿತ್ತು. ಕೊಳವೆ ಕಳಚಿದರೆ ಸ್ಪ್ರಿಂಗ್ ಗೆದ್ದು ಪೂರ್ತಿ ಡೀಸೆಲ್ ನುಗ್ಗುತ್ತದೆ, ಎಂಜಿನ್ ಹದ್ದುಮೀರಿ ಓಡುತ್ತದೆ. ಮುಂದೆ ಟರ್ಬೊ ಲಾರಿಗಳ ಪಂಪಿಗೆ ಬಂದ ಕೊಳವೆಯ ಸ್ವಭಾವ ಇದಕ್ಕೆ ತೀರ ವಿರುದ್ಧ. ಅದು ಟರ್ಬೊ ಒತ್ತಿದ ಗಾಳಿಯ ಒತ್ತಡವನ್ನು ಪಂಪಿನ ಮೇಲಿನ ಡಯಾಫ್ರಮ್ಮಿಗೆ ತಂದು, ಗಾಳಿ ಹೆಚ್ಚಿದಾಗಲಷ್ಟೇ ಡೀಸೆಲ್ ಹೆಚ್ಚಿಸುತ್ತದೆ. ಅದು ಹರಿದರೆ ಪಿಕಪ್ ಸಾಯುತ್ತದೆ. ನೋಡಲು ಒಂದೇ ತೆರನ ಎರಡು ಕೊಳವೆ, ಕೆಟ್ಟರೆ ಎರಡು ದಿಕ್ಕು. ಈ ಜಾಲದ ರಿಪೇರಿ ಕಷ್ಟವಾಗಿರುವುದು ಇದರಿಂದಲೇ ಹೊರತು ಕೊಳವೆಗಳ ಸಂಖ್ಯೆಯಿಂದಲ್ಲ.

1994ರಲ್ಲಿ ಬಂದ ಟಾಟಾ ಸುಮೊದಂತಹ ಡೀಸೆಲ್ ಗಾಡಿಗಳಲ್ಲಿ ನಿರ್ವಾತದ ಪಂಪು ಆಲ್ಟರ್ನೇಟರಿನ ಬೆನ್ನಿಗೇ ಅಂಟಿಕೊಂಡಿರುತ್ತಿತ್ತು. ಬೆಲ್ಟ್ ತುಂಡಾದರೆ ಬ್ಯಾಟರಿ ಚಾರ್ಜ್ ನಿಲ್ಲುವುದರ ಜೊತೆಗೆ ಬ್ರೇಕಿನ ನೆರವೂ ಹೋಗುತ್ತದೆ. ಬೂಸ್ಟರಿನಲ್ಲಿ ಉಳಿದ ನಿರ್ವಾತ ಒಂದೆರಡು ಸಲ ತುಳಿಯುವಷ್ಟಕ್ಕೆ ಮಾತ್ರ. ಆಮೇಲೆ ಪೆಡಲ್ ಕಲ್ಲು. ಶಿವಮೊಗ್ಗದಿಂದ ತೀರ್ಥಹಳ್ಳಿ ದಾಟಿ ಆಗುಂಬೆ ಘಾಟಿಯ ಹೇರ್‌ಪಿನ್ ತಿರುವುಗಳನ್ನು ಇಳಿಯುವ ಚಾಲಕ ಎಂಜಿನ್ ಆಫ್ ಮಾಡಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ: ಎಂಜಿನ್ ನಿಂತರೆ ಪಂಪೂ ನಿಲ್ಲುತ್ತದೆ.

ಹ್ಯುಂಡೈ 2002ರಲ್ಲಿ ಟರ್ಬೊ ಇದ್ದ ಕಾಮನ್ ರೈಲ್ (ಎಲ್ಲ ಇಂಜೆಕ್ಟರುಗಳಿಗೂ ಒಂದೇ ನಳಿಕೆಯಿಂದ ಹೆಚ್ಚಿನ ಒತ್ತಡದ ಡೀಸೆಲ್ ಕೊಡುವ) ಆಕ್ಸೆಂಟ್ ಕಾರನ್ನು ಭಾರತಕ್ಕೆ ತಂದಿತು. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯ ಮೊದಲ ಗಾಡಿ ಕ್ವಾಲಿಸ್‌ನ 2.4 ಲೀಟರ್ ಡೀಸೆಲ್ ಎಂಜಿನ್‌ಗೆ ಟರ್ಬೊ ಇರಲಿಲ್ಲ; 2005ರಲ್ಲಿ ಅದರ ಜಾಗಕ್ಕೆ ಬಂದ ಇನ್ನೋವಾದ 2.5 ಲೀಟರ್ ಎಂಜಿನ್‌ಗೆ ಇತ್ತು. ಹೊಳೆಹೊನ್ನೂರು, ಭದ್ರಾವತಿ ಕಡೆಯ ಟ್ಯಾಕ್ಸಿಗಳಿಗೂ ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೂ ಟರ್ಬೊ ಮಾಮೂಲಿಯಾದದ್ದು ಇಂಥ ಗಾಡಿಗಳ ಕಾಲದಲ್ಲಿ.

ಆಮೇಲೆ ಹಬ್ಬಿದ ವಿಜಿಟಿ ಟರ್ಬೊ, ಅಂದರೆ ಒಳಗಿನ ರೆಕ್ಕೆಗಳ ಕೋನ ಬದಲಾಗುವ ಟರ್ಬೊ, ಕೊಳವೆಯ ಕೆಲಸವನ್ನು ತಿರುವುಮುರುವು ಮಾಡಿತು. ಅನೇಕ ಎಂಜಿನ್‌ಗಳಲ್ಲಿ ಇದರ ರೆಕ್ಕೆ ಮುಚ್ಚಿ ಒತ್ತಡ ಏರಿಸುವುದು ಪಂಪಿನ ನಿರ್ವಾತ. ಇಲ್ಲಿ ಕೊಳವೆ ಸೋರಿದರೆ ರೆಕ್ಕೆಗಳು ತೆರೆದೇ ಉಳಿದು ಏರಿನಲ್ಲಿ ಗಾಡಿ ಎಳೆಯುವುದಿಲ್ಲ. ಸಣ್ಣ ಸೋರಿಕೆಯಾದರೆ ಬ್ರೇಕ್ ಸರಿಯಾಗಿಯೇ ಇರುತ್ತದೆ, ಹಾಗಾಗಿ ಅನುಮಾನ ನೇರ ಟರ್ಬೊದ ಮೇಲೆ ಹೋಗುತ್ತದೆ. ಕೆಲವೇ ರೂಪಾಯಿಯ ಕೊಳವೆಯ ತಪ್ಪಿಗೆ ಹತ್ತಾರು ಸಾವಿರದ ಟರ್ಬೊ ಬದಲಾಗುವುದುಂಟು. ಕೈಯಿಂದ ಒತ್ತುವ ವ್ಯಾಕ್ಯೂಮ್ ಪಂಪು, ಗೇಜು ಇಟ್ಟುಕೊಂಡ ಮೆಕ್ಯಾನಿಕ್ ಇಂಥ ಖರ್ಚು ತಪ್ಪಿಸುತ್ತಾನೆ. ಕೊಳವೆ ಕೆಡಲು ಮುಖ್ಯ ಕಾರಣ ಟರ್ಬೈನಿನ ಶಾಖ ಮತ್ತು ಪಂಪಿನಿಂದ ಬರುವ ಆಯಿಲ್ ಆವಿ. ಭತ್ತ, ಅಡಿಕೆ ತುಂಬಿದ ಕೊಟ್ಟಿಗೆಯ ಪಕ್ಕ ನಿಲ್ಲುವ ಗಾಡಿಗಳಿಗೆ ಇಲಿಯ ಹಲ್ಲನ್ನೂ ಸೇರಿಸಿಕೊಳ್ಳಬೇಕು. ಹೊಸ ಕೊಳವೆಯನ್ನು ಎಕ್ಸಾಸ್ಟಿನಿಂದ ದೂರ, ಮಡಿಕೆ ಬೀಳದಂತೆ, ಹಳೆಯದರಷ್ಟೇ ಒಳಅಳತೆಯಲ್ಲಿ ಹಾಕಬೇಕು. ನಿರ್ವಾತಕ್ಕೆ ತೆಳುಗೋಡೆಯ ಮೆತ್ತನೆಯ ಕೊಳವೆ ಹಾಕಿದರೆ ಅದು ಒಳಕ್ಕೆ ಕುಸಿದು ದಾರಿಯನ್ನೇ ಮುಚ್ಚುತ್ತದೆ.

2016ರಲ್ಲಿ ಬೆಂಗಳೂರಿನ ಜಿಗಣಿಯಲ್ಲಿ ಟೊಯೊಟಾದ ಜಿಡಿ ಸರಣಿಯ ಡೀಸೆಲ್ ಎಂಜಿನ್‌ಗಳ ತಯಾರಿಕೆ ಆರಂಭವಾಯಿತು. ಇವುಗಳ ಟರ್ಬೊ ರೆಕ್ಕೆಗಳನ್ನು ತಿರುಗಿಸುವುದು ವಿದ್ಯುತ್ ಮೋಟಾರು. ಆ ಕೆಲಸಕ್ಕೆ ಕೊಳವೆ ಬೇಡ. 2020ರ ಏಪ್ರಿಲ್ 1ರಂದು ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಯಾದ ಹೊತ್ತಿಗೆ ಮಾರುತಿ ಸುಜುಕಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ಚಿಕ್ಕ ಕಾರುಗಳಲ್ಲಿ ಟರ್ಬೊ ಪೆಟ್ರೋಲ್ ಹೆಚ್ಚಿದಂತೆ ಮ್ಯಾನಿಫೋಲ್ಡಿನ ಹಳೆಯ ಸಮಸ್ಯೆ ಮರಳಿದೆ: ಕ್ರ್ಯಾಂಕ್‌ಕೇಸಿನ ಆವಿಗೂ ಪೆಟ್ರೋಲ್ ಟ್ಯಾಂಕಿನ ಆವಿಗೂ ಒಂದೊಂದು ಚೆಕ್ ವಾಲ್ವ್ ಬೇಕು. ಬ್ರೇಕ್ ಬೂಸ್ಟರಿನ ದಪ್ಪ ಕೊಳವೆಯಂತೂ ಹೋಗಿಲ್ಲ. ಎಂಜಿನ್ನೇ ಇಲ್ಲದ ಹಲವು ಎಲೆಕ್ಟ್ರಿಕ್ ಕಾರುಗಳಲ್ಲೂ ಅದರ ಇನ್ನೊಂದು ತುದಿಗೆ ವಿದ್ಯುತ್ ವ್ಯಾಕ್ಯೂಮ್ ಪಂಪು ಇದೆ.