ಶಾಂಪೂ ಎಂಬ ಪದದೊಳಗಿನ ಕೈ

ಶಾಂಪೂ ಅಂದರೆ ಮೊದಲು ನೊರೆಯಲ್ಲ, ಗೆಳೆಯರೇ, ಕೈ. ಹಿಂದಿಯ 'ಚಾಂಪ್ನಾ' ಅಂದರೆ ಒತ್ತು, ಅದುಮು. 18ನೇ ಶತಮಾನದಲ್ಲಿ ಕಂಪನಿಯ ಇಂಗ್ಲಿಷರು ಇಲ್ಲಿ ಮೈಕೈ ಒತ್ತಿಸಿಕೊಂಡರು, ಪದವನ್ನೂ ಹೊತ್ತುಕೊಂಡು ಹೋದರು. ಒತ್ತಿದವರ ಹೆಸರು ಬರಕೊಂಡವರು ಎಷ್ಟು ಮಂದಿ?

ಉಳಿದದ್ದು ಪಾಟ್ನಾದ ದೀನ್ ಮಹಮದನ ಹೆಸರು. 1759ರಲ್ಲಿ ಹುಟ್ಟಿದವನು, ಕಂಪನಿ ಸೈನ್ಯದಲ್ಲಿ ದುಡಿದು 1784ರಲ್ಲಿ ಐರ್ಲೆಂಡಿಗೆ ಹೋದ. 1810ರಲ್ಲಿ ಲಂಡನ್ನಿನಲ್ಲಿ ಹೋಟೆಲು ತೆಗೆದು ದಿವಾಳಿಯೆದ್ದ. ಆಮೇಲೆ ಬ್ರೈಟನ್ ಕಡಲ ದಂಡೆಯಲ್ಲಿ ಸ್ನಾನದ ಮನೆ ನಡೆಸಿದ. ರೋಗಿಯನ್ನು ಫ್ಲಾನೆಲ್ ಬಟ್ಟೆಯ ಗುಡಾರದೊಳಗೆ ಕೂರಿಸಿ, ಗಿಡಮೂಲಿಕೆಯ ಹಬೆಯಲ್ಲಿ ಬೆವರಿಸಿ, ಬಟ್ಟೆಯ ಸೀಳಿನಿಂದ ಕೈ ತೂರಿಸಿ ಕೀಲು ತಿಕ್ಕುವುದು ಅವನ ಕ್ರಮ. ನೋಡಿ, ಒಳಗಿದ್ದವರಿಗೆ ಕಾಣುವುದು ಬರೀ ಕೈ! 1822ರಲ್ಲಿ ಇದರ ಮೇಲೆ ಪುಸ್ತಕ ಬರೆದ. ದೊರೆ ನಾಲ್ಕನೇ ಜಾರ್ಜನಿಗೇ 'ಶಾಂಪೂ ಸರ್ಜನ್' ಆದ. 1851ರಲ್ಲಿ ಅವನು ತೀರಿಕೊಂಡ ಮೇಲೆ ಆ ಪದ ತಲೆಕೂದಲಿಗೆ ಜಾರಿತು, ಕೊನೆಗೆ ಸೀಸೆಗಿಳಿಯಿತು.

ಮೈ ತಿಕ್ಕುವ ವಿದ್ಯೆಗೆ ಯುರೋಪಿನಲ್ಲಿ ಬೇರೆ ಹೆಸರು ಬಂತು. ಡಚ್ ವೈದ್ಯ ಮೆಟ್ಸ್ಗರ್ ನೀವುವುದು, ನಾದುವುದು, ತಟ್ಟುವುದು ಎಂದು ವಿಂಗಡಿಸಿ ಫ್ರೆಂಚ್ ಹೆಸರಿಟ್ಟ. ಇವತ್ತು ಅದು ಸ್ವೀಡಿಷ್ ಮಸಾಜ್.

ನೀವುವುದು, ನಾದುವುದು, ತಟ್ಟುವುದು ನಮ್ಮಜ್ಜಿಗೂ ಗೊತ್ತಿತ್ತು. ಸೂಲಗಿತ್ತಿ ಅವಳು. ಗೌಡರ ಮನೆಯ ಬಾಣಂತಿಗೆ, ಕೂಸಿಗೆ ಹರಳೆಣ್ಣೆ ಹಚ್ಚಿ ತಿಕ್ಕಿ ನೀರೆರೆಯುತ್ತಿದ್ದಳು. ಸೂತಕದ ಹನ್ನೊಂದು ದಿನ ಅವಳಿಗೆ ಒಳಮನೆ. ಹನ್ನೆರಡನೇ ದಿನ ತೊಟ್ಟಿಲು ಕಟ್ಟಿದರು, ಹಬ್ಬದೂಟ ಮಾಡಿದರು. ಅವಳ ಎಲೆ ಅಂಗಳದಾಚೆ ಹಾಕಿದರು.